ಕಿವಿಗೆ ಕಾಣುವ ಚಿತ್ರ

‘ಶೋಲೆ’ಯ ಬಂಡೆ ನೋಡಲು ರಾಮನಗರಕ್ಕೆ ಜನ ಇಂದಿಗೂ ಬರುತ್ತಾರೆ. ಅದೇ ಊರಲ್ಲಿ ಹುಟ್ಟಿದ ಕವಿಯೊಬ್ಬರು ಕುಂಚವಿಲ್ಲದೆ, ಕ್ಯಾಮೆರಾ ಇಲ್ಲದೆ, ಬರೀ ಆಡುಮಾತಿನಲ್ಲಿ ಬಿಡಿಸಿಟ್ಟ ಚಿತ್ರಗಳು ಇನ್ನೂ ಮಾಸಿಲ್ಲ. ಡಿಸೆಂಬರ್ 5, ಜಿ.ಪಿ. ರಾಜರತ್ನಂ ಹುಟ್ಟಿದ ದಿನ. ಆ ನೆಪದಲ್ಲಿ ಅವರ ಪದ ಹಿಡಿದು ಅರ್ಕಾವತಿಯ ಸೀಮೆಯಲ್ಲೊಂದು ಸುತ್ತು.

ಬೆಳಗಿನ ಆರೂವರೆ. ರಾಮದೇವರ ಬೆಟ್ಟದ ಮೆಟ್ಟಿಲು ಅರ್ಧ ಹತ್ತಿ ಏದುಸಿರು ಬಿಡುತ್ತ ನಿಂತಿದ್ದೆ. ಕೆಳಗಿದ್ದ ರಾಗಿ ಹೊಲ, ತೆಂಗಿನ ತೋಟ, ಹೆದ್ದಾರಿ ಯಾವುದೂ ಇರಲಿಲ್ಲ. ಎಲ್ಲವನ್ನೂ ಮಂಜು ಅಳಿಸಿಹಾಕಿತ್ತು. ಲಾರಿಯ ಹಾರನ್ ಕೇಳುತ್ತಿತ್ತು, ಲಾರಿ ಕಾಣುತ್ತಿರಲಿಲ್ಲ. ಯಾವುದೋ ಊರಿನ ಕೋಳಿ ಕೂಗುತ್ತಿತ್ತು, ಊರು ಎಲ್ಲಿದೆಯೋ ತಿಳಿಯುತ್ತಿರಲಿಲ್ಲ.

ಬೆಂಗಳೂರಿನ ಕಡೆಯ ನಾಲ್ಕೈದು ಹುಡುಗರು ಬಂಡೆಯ ಮೇಲೆ ಕಾಲೂರಿ ಗಬ್ಬರ್ ಸಿಂಗನ ಮಾತು ಒಪ್ಪಿಸುತ್ತ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮೆಟ್ಟಿಲ ಬದಿಯಲ್ಲಿ ತುಳಸಿ, ಹೂವು ಹರಡಿಕೊಂಡು ಕೂತಿದ್ದ ಅಜ್ಜಿ ಸೆರಗು ಬಿಗಿಮಾಡಿಕೊಳ್ಳುತ್ತ ನನ್ನತ್ತ ತಿರುಗಿ, “ಏನ್ ಮಂಜಪ್ಪಾ ಇದು, ಸುಣ್ಣ ಬಳ್ದಂಗೈತೆ” ಎಂದರು.

ಹುಡುಗರಿಗೆ ಆ ಮಾತು ಕೇಳಿಸಲಿಲ್ಲ. ನನಗೆ ಮಾತ್ರ ಎದೆ ಝಲ್ಲೆಂದಿತು. ಮಂಜನ್ನು ಬಳಿಯುವ ವಸ್ತುವಾಗಿ ಕಂಡ ಇನ್ನೊಬ್ಬರು ಇದೇ ಊರಲ್ಲಿ ಹುಟ್ಟಿದ್ದರು. ಅವರಿಗೆ ಕಂಡದ್ದು ಸುಣ್ಣವಲ್ಲ, ಬೆಳ್ಳಿ.

ಕ್ಲೋಸ್‌ಪೇಟೆಯ ಕೂಸು

ಗುಂಡ್ಲು ಪಂಡಿತ ರಾಜರತ್ನಂ ಹುಟ್ಟಿದಾಗ ಈ ಊರಿನ ಹೆಸರು ಕ್ಲೋಸ್‌ಪೇಟೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ನೆನಪಿಗೆ ಇಟ್ಟ ಹೆಸರದು. ಊರು ಆ ಹೆಸರನ್ನು ಕಳಚಿಕೊಂಡು ರಾಮನಗರವಾಯಿತು. ಬಂಡೆಗಳು ಮಾತ್ರ ಬಿಡಲಿಲ್ಲ. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಕಲ್ಲನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ.

ರಾಜರತ್ನಂ ಕನ್ನಡ ಎಂ.ಎ. ಮಾಡಿದರು, ಊರೂರಿನ ಸರ್ಕಾರಿ ಕಾಲೇಜುಗಳಲ್ಲಿ ಮೇಷ್ಟರಾದರು, ಪಾಲಿ ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದರು. 1978ರಲ್ಲಿ ದೆಹಲಿಯಲ್ಲಿ ನಡೆದ 50ನೇ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಮರುವರ್ಷವೇ, ಮಾರ್ಚ್ 13ರಂದು ತೀರಿಕೊಂಡರು. ಪಂಡಿತರ ಸಾಲಿನಲ್ಲಿ ಕೂರಿಸಲು ಇಷ್ಟು ಸಾಕು. ಆದರೆ ಕನ್ನಡಿಗರು ಅವರನ್ನು ಎದೆಯಲ್ಲಿ ಇಟ್ಟುಕೊಂಡದ್ದು ಇದಾವುದಕ್ಕೂ ಅಲ್ಲ. ಹೆಂಡದ ಮಡಕೆಯ ಮುಂದೆ ಕೂತು ಪದ ಹೇಳುವ ರತ್ನ ಎಂಬ ಕುಡುಕನಿಗಾಗಿ, ಮತ್ತು ತುತ್ತೂರಿ ಹಿಡಿದು ಬೀದಿಗೆ ಬಂದ ಕಸ್ತೂರಿ ಎಂಬ ಹುಡುಗನಿಗಾಗಿ.

ರತ್ನನ ಪದಗಳು ಬಂದದ್ದು 1930ರ ದಶಕದಲ್ಲಿ. ರತ್ನನಿಗೆ ಬೇಕಾದವು ಮೂರೇ: ಹೆಂಡ, ಹೆಂಡತಿ ನಂಜಿ, ಕನ್ನಡ ಪದ. ಇಲ್ಲಿ ‘ಪದ’ ಎನ್ನುವ ಮಾತನ್ನು ನಾವು ಎರಡು ಸಲ ಕೇಳಿಸಿಕೊಳ್ಳಬೇಕು. ವ್ಯಾಕರಣದಲ್ಲಿ ಪದ ಎಂದರೆ ಶಬ್ದ, ಹಳ್ಳಿಯಲ್ಲಿ ಪದ ಎಂದರೆ ಹಾಡು. “ಒಂದ್ ಪದ ಏಳವ್ವಾ” ಎಂದರೆ ಯಾವ ಅಜ್ಜಿಯೂ ಶಬ್ದಕೋಶ ಬಿಚ್ಚುವುದಿಲ್ಲ.

ಮಾದ ಮಾದಿಯಿಂದ ರತ್ನ ನಂಜಿಗೆ

ಈ ರತ್ನ ಬಂದ ದಾರಿ ಸ್ಕಾಟ್ಲೆಂಡ್‌ನಿಂದ ಶುರುವಾಗುತ್ತದೆ. ರಾಬರ್ಟ್ ಬರ್ನ್ಸ್ ಎಂಬ ರೈತಕವಿ 1786ರಲ್ಲಿ ತನ್ನ ಸೀಮೆಯ ಆಡುಮಾತಿನಲ್ಲಿ ಬರೆದ ಪದ್ಯಗಳನ್ನು ಅಚ್ಚುಹಾಕಿಸಿದ. ಹನ್ನೆರಡು ವರ್ಷಕ್ಕೆ ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್ ಸೇರಿ ‘ಲಿರಿಕಲ್ ಬ್ಯಾಲಡ್ಸ್’ ತಂದರು. 1800ರ ಮುದ್ರಣದ ಮುನ್ನುಡಿಯಲ್ಲಿ, ಕಾವ್ಯದ ಭಾಷೆ ಜನ ನಿಜವಾಗಿ ಆಡುವ ಭಾಷೆಯಾಗಬೇಕು ಎಂದು ವರ್ಡ್ಸ್‌ವರ್ತ್ ವಾದಿಸಿದ. ರೊಮ್ಯಾಂಟಿಕ್ ಕಾವ್ಯ ಎಂದರೆ ಹೂವು, ಹಕ್ಕಿ, ಬೆಟ್ಟ, ಮಂಜು ಎಂದಷ್ಟೇ ನಾವು ತಿಳಿದಿದ್ದೇವೆ. ಬೆಟ್ಟವನ್ನು ಯಾರ ಬಾಯಿಯ ಮಾತಿನಲ್ಲಿ ತೋರಿಸಬೇಕು ಎಂಬ ಪ್ರಶ್ನೆ ಅದರ ಹೊಟ್ಟೆಯಲ್ಲೇ ಇತ್ತು.

ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ತುಂಬು ಸಂಕಲನವಾಗಿ 1926ರಲ್ಲಿ ಹೊರಬಂತು. ನವೋದಯಕ್ಕೆ ಬಾಗಿಲು ತೆರೆದ ಆ ಪುಸ್ತಕಕ್ಕೆ ನೂರು ತುಂಬುವ ಕಾಲವಿದು. ಅದರಲ್ಲಿ ಬರ್ನ್ಸ್‌ನ ‘ಡಂಕನ್ ಗ್ರೇ’ ಪದ್ಯ ‘ಮಾದ ಮಾದಿ’ಯಾಗಿದೆ. ಕ್ಯಾಂಬೆಲ್‌ನ ‘ಲಾರ್ಡ್ ಅಲಿನ್ಸ್ ಡಾಟರ್’ ‘ಕಾರಿಹೆಗ್ಗಡೆಯ ಮಗಳು’ ಆಗಿದ್ದಾಳೆ. ಶ್ರೀಯವರು ಅಕ್ಷರಗಳನ್ನು ಅನುವಾದಿಸಲಿಲ್ಲ, ಚಿತ್ರವನ್ನು ಕಿತ್ತು ಇಲ್ಲಿ ನೆಟ್ಟರು. ಸ್ಕಾಟ್ಲೆಂಡಿನ ಡಂಕನ್ ಪಂಚೆಯುಟ್ಟು ಮಾದನಾದ.

ಮಾದ ಮಾದಿಯ ಹಿಂದೆಯೇ ರತ್ನ ನಂಜಿ ಬಂದರು ಎಂದು ನನಗೆ ಅನ್ನಿಸುತ್ತದೆ. ಆದರೆ ರಾಜರತ್ನಂ ಒಂದು ಹೆಜ್ಜೆ ಮುಂದೆ ಹೋದರು. ಮಾದ ಹಳ್ಳಿಯವನಾದರೂ ಅವನ ಸುತ್ತಲ ಭಾಷೆ ಅಷ್ಟಿಷ್ಟು ಮಡಿಯುಟ್ಟಿತ್ತು. ರತ್ನನ ಬಾಯಲ್ಲಿ ಹಕಾರವೇ ನಿಲ್ಲಲಿಲ್ಲ. ಹೆಂಡ ‘ಯೆಂಡ’ವಾಯಿತು. ಪದದ ಕೊನೆಯ ಸ್ವರಗಳು ಉದುರಿಹೋದವು. ರಾಮನಗರ, ಮಂಡ್ಯದ ಸೀಮೆಯಲ್ಲಿ ಜನ ಹೇಗೆ ಆಡುತ್ತಾರೋ ಹಾಗೇ ಅಚ್ಚಿಗೆ ಹೋಯಿತು. ಮೇಷ್ಟರು ಕೆಂಪು ಶಾಯಿಯಲ್ಲಿ ಸುತ್ತು ಹಾಕುವ ತಪ್ಪುಗಳನ್ನೇ ಮೇಷ್ಟರೊಬ್ಬರು ಕಾವ್ಯ ಮಾಡಿದರು.

┌──────────
ಕಣ್ವನ ನೆಲ
ಬಿ.ಎಂ.ಶ್ರೀ ಅವರನ್ನು ಕನ್ನಡಿಗರು ‘ಕನ್ನಡದ ಕಣ್ವ’ ಎಂದು ಕರೆದರು. ಚನ್ನಪಟ್ಟಣದ ಪಕ್ಕದಲ್ಲಿ ಹರಿಯುವ ಹೊಳೆಯ ಹೆಸರೂ ಕಣ್ವ. ಆ ಋಷಿ ಇಲ್ಲಿ ತಪಸ್ಸು ಮಾಡಿದ್ದ ಎಂಬುದು ಸ್ಥಳೀಯರ ನಂಬಿಕೆ. ಇದೇ ತಾಲ್ಲೂಕಿನ ದೊಡ್ಡಮಳೂರಿನ ಅಪ್ರಮೇಯ ದೇವಾಲಯದಲ್ಲಿ ಅಂಬೆಗಾಲು ಕೃಷ್ಣನ ವಿಗ್ರಹವಿದೆ. ಪುರಂದರದಾಸರ ‘ಜಗದೋದ್ಧಾರನ’ ಕೀರ್ತನೆ ಹುಟ್ಟಿದ್ದು ಈ ಮುದ್ದು ಮೂರ್ತಿಯ ಮುಂದೆ ಎಂಬ ಪ್ರತೀತಿಯಿದೆ. ವಿಗ್ರಹ ನೋಡಿ ಹಾಡು, ಹಾಡು ಕೇಳಿ ವಿಗ್ರಹ ನೋಡಲು ಬರುವ ಜನ: ಈ ಕೊಡುಕೊಳ್ಳುವಿಕೆ ಇಲ್ಲಿ ಹಳೆಯದು.
└──────────

ಮಾವನ ಪರೀಕ್ಷೆ

ರಾಜರತ್ನಂ ಅವರ ಮಡಿಕೇರಿ ಮಂಜಿನ ಪದ್ಯ ಗೊತ್ತಿಲ್ಲದವರು ಕಡಿಮೆ. ಮೈಸೂರು ಅನಂತಸ್ವಾಮಿ ಅವರು ರತ್ನನ ಪದಗಳನ್ನು ಮನೆಮನೆಗೆ ತಲುಪಿಸಿದ ಮೇಲಂತೂ ಓದದವರಿಗೂ ಅವು ಬಾಯಿಪಾಠ. ಕುಡುಕನೊಬ್ಬ ಮಂಜನ್ನು ನೋಡಿ ಹೋಲಿಕೆಗಳನ್ನು ಸುರಿಯುತ್ತ ಹೋಗುತ್ತಾನೆ. ಅದರಲ್ಲಿ ಎರಡು ಹೋಲಿಕೆ ಅಕ್ಕಪಕ್ಕ ಕೂತಿವೆ. ಒಂದರಲ್ಲಿ ಮೋಡ ಇಳಿದು ಬಂದು ನೆಲವನ್ನು ಅಪ್ಪಿಕೊಂಡಿದೆ. ಇನ್ನೊಂದರಲ್ಲಿ ರಸ್ತೆಗೆ ಬೆಳ್ಳಿ ಬಳಿದಿದ್ದಾರೆ.

ಈ ಪದ್ಯ ಹಿಡಿದು ನನ್ನ ಸೋದರಮಾವನ ಬಳಿ ಹೋದೆ. ಕನಕಪುರದ ಆಚೆ, ಸಂಗಮದ ಕಡೆಗೆ ಇಳಿಯುವ ದಾರಿಯಲ್ಲಿ ಅವರ ಊರು. ಅಕ್ಷರ ಬಾರದು. ಹಿತ್ತಿಲಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಮೊದಲು ಬೇಕೆಂದೇ ಪದ್ಯವನ್ನು ಶಿಷ್ಟ ಕನ್ನಡಕ್ಕೆ ತಿರುಗಿಸಿ ಓದಿದೆ. ಅರ್ಥ ಒಂದಿಷ್ಟೂ ಬದಲಾಗಿರಲಿಲ್ಲ. ಹೋಲಿಕೆಗಳೂ ಅವೇ.

ಮಾವ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. “ರೇಡಿಯೊದಾಗೆ ಏಳ್ತಾರಲ್ಲ, ಅಂಗೈತೆ” ಎಂದರು.

ಆಮೇಲೆ ಅಚ್ಚಿನಲ್ಲಿ ಇರುವ ಹಾಗೇ ಓದಿದೆ. ಎರಡು ಸಾಲು ದಾಟುವ ಹೊತ್ತಿಗೆ ಕೈ ನಿಂತಿತು. ಮುಗಿದ ಮೇಲೆ, “ಇನ್ನೊಂದ್ಸಲ ಏಳು ಕಣಪ್ಪಾ. ಈಗ ಕಾಣ್ತಾ ಐತೆ” ಎಂದರು.

‘ಕೇಳ್ತಾ ಐತೆ’ ಎನ್ನಲಿಲ್ಲ. ‘ಕಾಣ್ತಾ ಐತೆ’ ಎಂದರು.

ಮಾವನಿಗೆ ಕಂಡದ್ದೇನು ಎಂದು ಆಮೇಲೆ ಬಹಳ ಯೋಚಿಸಿದೆ. ಪುಸ್ತಕದ ಕನ್ನಡದಲ್ಲಿ ಮೋಡ ‘ಮೋಡ’ವೇ, ರಸ್ತೆ ‘ರಸ್ತೆ’ಯೇ. ಎರಡಕ್ಕೂ ಯಾವ ನಂಟೂ ಇಲ್ಲ. ಒಂದು ಆಕಾಶದಲ್ಲಿ, ಇನ್ನೊಂದು ನೆಲದಲ್ಲಿ. ರತ್ನನ ಬಾಯಲ್ಲಿ ಮೋಡದ ಕೊನೆಯ ಸ್ವರ ಬಿದ್ದುಹೋಗಿ ‘ಮೋಡ್’ ಆಗುತ್ತದೆ. ರಸ್ತೆಯ ಜಾಗಕ್ಕೆ ‘ರೋಡ್’ ಬರುತ್ತದೆ. ಮೋಡ್, ರೋಡ್. ಆಕಾಶದ್ದೂ ನೆಲದ್ದೂ ಒಂದೇ ಸದ್ದಾಗಿಬಿಟ್ಟವು.

ಮಂಜು ಮಾಡುವುದೂ ಅದನ್ನೇ ಅಲ್ಲವೇ? ಬೆಟ್ಟದ ಮೇಲೆ ಆ ಬೆಳಿಗ್ಗೆ ನಾನು ನಿಂತಿದ್ದಾಗ ಎಲ್ಲಿ ಆಕಾಶ ಮುಗಿದು ಎಲ್ಲಿ ನೆಲ ಶುರುವಾಗುತ್ತದೆ ಎಂದು ಗೊತ್ತಾಗುತ್ತಿರಲಿಲ್ಲ. ಕಣ್ಣಿಗೆ ಮಂಜು ಏನು ಮಾಡುತ್ತದೋ ಕಿವಿಗೆ ಆ ಪ್ರಾಸ ಅದನ್ನೇ ಮಾಡುತ್ತದೆ. ಹೋಲಿಕೆಯಲ್ಲಿ ಅರ್ಧ ಚಿತ್ರವಿದೆ, ಉಳಿದರ್ಧ ಉಚ್ಚಾರದಲ್ಲಿದೆ. ಆಡುಮಾತನ್ನು ತಿದ್ದಿದ ಕೂಡಲೇ ಪ್ರಾಸ ಒಡೆಯುತ್ತದೆ, ಪ್ರಾಸ ಒಡೆದ ಕೂಡಲೇ ಮಂಜು ಹರಿದುಹೋಗುತ್ತದೆ. ಅದರಲ್ಲೂ ‘ರೋಡ್’ ಇಂಗ್ಲಿಷಿನಿಂದ ಬಂದ ಮಾತು. ಪರಭಾಷೆಯದು ಎಂದು ಅದನ್ನು ಹೊರಗಟ್ಟಿ ‘ದಾರಿ’ ತಂದು ಕೂರಿಸಿ ನೋಡಿ. ದಾರಿ ಶುದ್ಧವಾಗಿರುತ್ತದೆ, ಬೆಳ್ಳಿ ಹೋಗಿರುತ್ತದೆ.

ನಮ್ಮ ಶಾಲೆಗಳಲ್ಲಿ ರತ್ನನ ಪದಗಳನ್ನು ಪಾಠ ಮಾಡುವಾಗ ಮಕ್ಕಳಿಗೆ ‘ಇವುಗಳ ಶಿಷ್ಟರೂಪ ಬರೆಯಿರಿ’ ಎಂದು ಅಭ್ಯಾಸ ಕೊಡುವ ರೂಢಿಯಿದೆ. ನಾನೂ ಬರೆದಿದ್ದೇನೆ, ಪೂರ್ತಿ ಅಂಕ ತೆಗೆದಿದ್ದೇನೆ. ಪದ್ಯದ ಬಣ್ಣವನ್ನು ಕೈಯಾರೆ ಉಜ್ಜಿ ತೆಗೆಯಲು ಮಕ್ಕಳಿಗೆ ಹೇಳುವುದನ್ನು ಇನ್ನಾದರೂ ಬಿಡಬೇಕು. ರಾಮನಗರದ, ಮಾಗಡಿಯ ಮಕ್ಕಳು ಮನೆಯಲ್ಲಿ ಆಡುವ ಕನ್ನಡವೇ ಆ ಪದ್ಯದ ಕನ್ನಡ. ಆ ಮಗು ಅದನ್ನು ಗಟ್ಟಿಯಾಗಿ ಓದಲಿ, ಸಾಕು.

┌──────────
ಬ್ಲೇಕ್‌ನ ಹುಲಿ
ಪದ ಮತ್ತು ಚಿತ್ರವನ್ನು ಒಂದೇ ತಾಮ್ರದ ತಗಡಿನಲ್ಲಿ ಕೆತ್ತಿದ ಕವಿ ವಿಲಿಯಂ ಬ್ಲೇಕ್. 1789ರಲ್ಲಿ ‘ಸಾಂಗ್ಸ್ ಆಫ್ ಇನ್ನೊಸೆನ್ಸ್’ ಅನ್ನು ತಾನೇ ಅಚ್ಚುಹಾಕಿದ. ಪುಟಗಳಿಗೆ ಬಣ್ಣ ತುಂಬಲು ಹೆಂಡತಿ ಕ್ಯಾಥರೀನ್ ಕೈಜೋಡಿಸುತ್ತಿದ್ದಳು. 1794ರ ಅವನ ಹುಲಿಯ ಪದ್ಯದಲ್ಲಿ ಮಾತು ಬೆಂಕಿ ಕಾರುತ್ತದೆ, ಕೆಳಗೆ ಅವನೇ ಬಿಡಿಸಿದ ಹುಲಿ ಸಾಕುಬೆಕ್ಕಿನ ಹಾಗೆ ನಿಂತಿದೆ. ಯಾಕೆ ಹೀಗೆ ಎಂದು ವಿಮರ್ಶಕರು ಇಂದಿಗೂ ಚರ್ಚಿಸುತ್ತಾರೆ. ಚಿತ್ರ ಮಾತಿನ ನೆರಳಾಗಬೇಕಿಲ್ಲ, ಮಾತಿಗೆ ಎದುರಾಡಲೂ ಬಹುದು ಎಂಬುದಕ್ಕೆ ಆ ಪುಟವೇ ಸಾಕ್ಷಿ.
└──────────

ಬಣ್ಣ ಬಿಟ್ಟ ತುತ್ತೂರಿ, ಬಣ್ಣ ಬಿಡದ ಬುಗುರಿ

ರಾಮನಗರದಿಂದ ಮೈಸೂರು ದಾರಿಯಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ ಚನ್ನಪಟ್ಟಣ. ಗೊಂಬೆಗಳ ಊರು. ಒಂದು ಕಾರ್ಖಾನೆಯಲ್ಲಿ, ಕಾರ್ಖಾನೆ ಎಂದರೆ ಮನೆಯ ಮುಂದಿನ ಒಂದು ಕೋಣೆ ಅಷ್ಟೆ, ಯಂತ್ರದಲ್ಲಿ ಆಲೆಮರದ ತುಂಡೊಂದು ಗಿರಗಿರ ತಿರುಗುತ್ತಿತ್ತು. ಕುಶಲಕರ್ಮಿ ಉಳಿ ಒತ್ತಿದರು. ಬಿಳಿ ಸಿಪ್ಪೆ ಸುರುಳಿ ಸುರುಳಿಯಾಗಿ ಹಾರಿ ಮಡಿಲಿಗೆ ಬಿತ್ತು. ನೋಡುತ್ತಿದ್ದ ಹಾಗೆ ಬುಗುರಿಯ ಹೊಟ್ಟೆ ಮೂಡಿತು.

ಆಮೇಲೆ ಕೆಂಪು ಅರಗಿನ ಕಡ್ಡಿ ತೆಗೆದು ತಿರುಗುವ ಮರಕ್ಕೆ ತಾಗಿಸಿದರು. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಂಡಿತು. ಒಣಗಿದ ಗರಿಯ ತುಂಡೊಂದನ್ನು ಮೇಲೆ ಒತ್ತಿ ಹಿಡಿದರು. ಕ್ಷಣದಲ್ಲಿ ಕೆಂಪು ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯಿತು. “ನೀರಲ್ಲಿ ಹಾಕಿದ್ರೂ ಬಣ್ಣ ಬಿಡಲ್ಲ ಸಾರ್. ಮಗು ಬಾಯಿಗಿಟ್ಕೊಂಡ್ರೂ ಭಯ ಇಲ್ಲ” ಎಂದರು.

ಬಣ್ಣ, ನೀರು, ಮಗು. ನನಗೆ ಕಸ್ತೂರಿಯ ನೆನಪಾಗದೆ ಹೇಗಿದ್ದೀತು!

ರಾಜರತ್ನಂ ಅವರ ‘ತುತ್ತೂರಿ’ ಪದ್ಯದ ಹುಡುಗ ಕೊಂಡದ್ದು ಮರದ್ದಲ್ಲ, ಬಣ್ಣ ಹಚ್ಚಿದ ತಗಡಿನದು. ಸಪ್ತಸ್ವರಗಳನ್ನು ಮೇಲಕ್ಕೂ ಕೆಳಕ್ಕೂ ಊದಿ, ಇಂಥದ್ದು ಬೇರೆ ಯಾರಲ್ಲೂ ಇಲ್ಲವೆಂದು ಬೀಗುತ್ತಾನೆ. ಸಂಜೆ ಕೊಳದ ಬಳಿ ತುತ್ತೂರಿ ಕೈಜಾರಿ ನೀರಿಗೆ ಬೀಳುತ್ತದೆ. ಎತ್ತಿ ಊದಿದರೆ ಸರಿಗಮ ಹೊರಡುವುದಿಲ್ಲ, ಬರೀ ‘ಗ’ ಒಂದೇ ಗೊರಗುಟ್ಟುತ್ತದೆ. ಬಣ್ಣವೂ ತೊಳೆದುಹೋಗುತ್ತದೆ.

ಜಂಬ ಪಡಬಾರದು ಎಂಬ ನೀತಿಪದ್ಯವಾಗಿ ಇದನ್ನು ನಮಗೆ ಕಲಿಸಿದರು. ಈಗ ಓದಿದರೆ ನನ್ನ ಕಣ್ಣು ಬೇರೆ ಕಡೆಗೆ ಹೋಗುತ್ತದೆ. ಬಣ್ಣ ಎಂದರೆ ಚಿತ್ರ, ಸ್ವರ ಎಂದರೆ ಮಾತು. ಒಂದೇ ನೀರಿನಲ್ಲಿ ಎರಡೂ ಒಟ್ಟಿಗೆ ಮುಳುಗುತ್ತವೆ. ಒಂದು ಹೋದಾಗ ಇನ್ನೊಂದೂ ಹೋಯಿತು. ಆ ಪದ್ಯ ಹೇಳುವ ಪ್ರತಿ ಮಗುವೂ ‘ಗ’ ಬರುವ ಜಾಗದಲ್ಲಿ ಗಂಟಲು ಬಿಗಿಹಿಡಿದು ಆ ಒಡಕು ಸದ್ದನ್ನು ಮಾಡಿಯೇ ತೀರುತ್ತದೆ. ನಾಲ್ಕು ವರ್ಷದ ಮಗುವಿಗೆ ‘ತುತ್ತೂರಿಯೊಳಗೆ ನೀರು ತುಂಬಿದೆ’ ಎಂದು ಯಾರೂ ಚಿತ್ರ ಬರೆದು ತೋರಿಸಬೇಕಿಲ್ಲ. ಅದರ ಗಂಟಲಲ್ಲೇ ನೀರು ತುಂಬಿರುತ್ತದೆ.

ಬ್ಲೇಕ್ ತಾಮ್ರದ ಮೇಲೆ ಕೆತ್ತಿದ್ದನ್ನು ರಾಜರತ್ನಂ ಮಕ್ಕಳ ಗಂಟಲಲ್ಲಿ ಕೆತ್ತಿದರು. ಇಬ್ಬರೂ ಮಕ್ಕಳಿಗಾಗಿ ಬರೆದವರು, ಇಬ್ಬರೂ ತಮ್ಮ ಪುಸ್ತಕವನ್ನು ಅಚ್ಚಿನಿಂದ ಓದುಗನ ಕೈವರೆಗೆ ತಾವೇ ಮುಟ್ಟಿಸಲು ಒದ್ದಾಡಿದವರು. ಈ ಹೋಲಿಕೆ ನನಗೆ ಪ್ರಿಯವಾದದ್ದು.

┌──────────
ಕಲ್ಲಿನ ಬಾಲೆಯರಿಗೆ ರಾಗ
ಜಾನ್ ಕೀಟ್ಸ್ 1819ರಲ್ಲಿ ಗ್ರೀಕ್ ಹೂಜಿಯ ಮೇಲಿನ ಚಿತ್ರಗಳನ್ನು ಮಾತಾಡಿಸುತ್ತ ಬರೆದ ಪದ್ಯ ಲೋಕಪ್ರಸಿದ್ಧ. ಕನ್ನಡದಲ್ಲಿ ಅದಕ್ಕೆ ಹೆಗಲೆಣೆಯಾದದ್ದು ಡಿ.ವಿ.ಜಿ. ಅವರ ‘ಅಂತಃಪುರ ಗೀತೆ’. ಬೇಲೂರು ಚೆನ್ನಕೇಶವ ದೇವಾಲಯದ ಮದನಿಕೆಯರೇ ಅದರ ನಾಯಕಿಯರು. ಗೀತೆಗಳಿಗೆ ಡಿ.ವಿ.ಜಿ. ರಾಗವನ್ನೂ ಸೂಚಿಸಿದರು. ಕನ್ನಡದಲ್ಲಿ ‘ಪ್ರತಿಮೆ’ ಎಂದರೆ ಕಲ್ಲಿನ ಮೂರ್ತಿಯೂ ಹೌದು, ಕಾವ್ಯದಲ್ಲಿ ಮೂಡುವ ಚಿತ್ರವೂ ಹೌದು. ಆ ಗೀತೆಗಳಲ್ಲಿ ಎರಡೂ ಅರ್ಥ ಒಂದಾಗಿವೆ.
└──────────

ಆಕಾಶದ ಸಹಿ

ಮತ್ತೆ ರಾಮದೇವರ ಬೆಟ್ಟಕ್ಕೆ. ಒಂಬತ್ತರ ಹೊತ್ತಿಗೆ ಮಂಜು ಹರಿಯಿತು. ಎದುರಿನ ಬಂಡೆಯ ನೆತ್ತಿಯಿಂದ ದೊಡ್ಡ ಹಕ್ಕಿಯೊಂದು ರೆಕ್ಕೆ ಬಡಿಯದೆ ಗಾಳಿಗೆ ಮೈಕೊಟ್ಟು ಸುತ್ತತೊಡಗಿತು.

ಹಾರುವ ಹಕ್ಕಿಸಾಲನ್ನು ಕುವೆಂಪು ದೇವರ ಸಹಿ ಎಂದು ಓದಿದರು. ‘ದೇವರು ರುಜು ಮಾಡಿದನು’ ಎಂಬುದೇ ಆ ಪದ್ಯದ ಹೆಸರು. ಅವರು ಕಂಡದ್ದು ತುಂಗೆಯ ಸಿಬ್ಬಲುಗುಡ್ಡೆಯಲ್ಲಿ. ಸಾಮಾನ್ಯವಾಗಿ ಕವಿ ಮಾತಿನಿಂದ ಚಿತ್ರ ಮಾಡುತ್ತಾನೆ. ಅಲ್ಲಿ ಚಿತ್ರವೇ ಅಕ್ಷರವಾಗಿದೆ, ಆಕಾಶ ಕಾಗದವಾಗಿದೆ.

ರಾಮನಗರದ ಆಕಾಶದಲ್ಲಿ ಸಹಿ ಹಾಕುತ್ತಿದ್ದದ್ದು ಉದ್ದ ಕೊಕ್ಕಿನ ರಣಹದ್ದುಗಳು. ಜಾನುವಾರುಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧ ಸತ್ತ ದನದ ಮಾಂಸದ ಮೂಲಕ ಅವುಗಳ ಹೊಟ್ಟೆ ಸೇರಿ ದೇಶದುದ್ದಕ್ಕೂ ಸಂತತಿಯೇ ನಶಿಸುವ ಅಂಚಿಗೆ ಬಂತು. ಪಶುಗಳಿಗೆ ಅದರ ಬಳಕೆಯನ್ನು 2006ರಲ್ಲಿ ನಿಷೇಧಿಸಲಾಯಿತು. 2012ರಲ್ಲಿ ಇಲ್ಲಿನ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ಧಾಮವೆಂದು ಘೋಷಿಸಿದರು. ಆ ಬೆಳಿಗ್ಗೆ ನಾನು ಕಂಡ ಹಕ್ಕಿ ರಣಹದ್ದೋ ಬೇರೆ ಹದ್ದೋ, ಅಷ್ಟು ದೂರದಿಂದ ನನ್ನ ಕಣ್ಣಿಗೆ ತಿಳಿಯಲಿಲ್ಲ. ಅದು ಒಂಟಿಯಾಗಿತ್ತು, ಅಷ್ಟು ಮಾತ್ರ ಕಂಡಿತು.

ಮಂಚನಬೆಲೆಯ ನೊಗ

ಅರ್ಕಾವತಿಯ ಗುಂಟ ಮೇಲಕ್ಕೆ ಹೋದರೆ ಮಾಗಡಿ ತಾಲ್ಲೂಕಿನ ಮಂಚನಬೆಲೆ. ಜಲಾಶಯದ ನೀರು, ದೂರದಲ್ಲಿ ಸಾವನದುರ್ಗದ ಕಲ್ಲುಬೆನ್ನು. ವಾರಾಂತ್ಯಕ್ಕೆ ಬೆಂಗಳೂರಿನಿಂದ ಕಾರುಗಳು ಬರುತ್ತವೆ. ಡೇವಿಡ್ ಲೀನ್ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರಕ್ಕೆ ಫಾರ್ಸ್ಟರ್‌ನ ಕಾದಂಬರಿಯ ಮರಬಾರ್ ಗುಹೆಗಳನ್ನು ಹುಡುಕಿಕೊಂಡು ಬಂದದ್ದೂ ಈ ಬೆಟ್ಟಗಳಿಗೇ.

ಈ ಮಂಚನಬೆಲೆಯಲ್ಲಿ 1954ರಲ್ಲಿ ಕವಿ ಸಿದ್ದಲಿಂಗಯ್ಯ ಹುಟ್ಟಿದರು. ಅವರ ‘ಹೊಲೆಮಾದಿಗರ ಹಾಡು’ ಬಂದದ್ದು 1975ರಲ್ಲಿ. ‘ಶೋಲೆ’ ತೆರೆಕಂಡದ್ದೂ ಅದೇ ವರ್ಷ, ಆಗಸ್ಟ್ 15ರಂದು. ಸಿನಿಮಾದವರು ರಾಮನಗರದ ಬಂಡೆಗಳ ನಡುವೆ ರಾಮಗಢ ಎಂಬ ಇಲ್ಲದ ಹಳ್ಳಿಯನ್ನು ಕಟ್ಟಿ ಲೋಕಕ್ಕೆಲ್ಲ ತೋರಿಸಿದ ವರ್ಷವೇ, ಅದೇ ಸೀಮೆಯ ನಿಜವಾದ ಕೇರಿಯೊಂದು ಬಾಯಿಬಿಟ್ಟಿತು.

ನವೋದಯದ ಕವಿಗಳಿಗೆ ಹೊಲ ಎಂದರೆ ಹಸಿರು, ಉಳುವವನು ಎಂದರೆ ಯೋಗಿ. ಕುವೆಂಪು ಅವರ ನೇಗಿಲಯೋಗಿಯನ್ನು ನಾವು ನಾಡಿನ ರೈತಗೀತೆ ಮಾಡಿಕೊಂಡಿದ್ದೇವೆ. ಆ ಚಿತ್ರದಲ್ಲಿ ಸುಳ್ಳೇನಿಲ್ಲ, ಅದನ್ನು ನಾನೂ ಎದೆತುಂಬಿ ಹಾಡಿದ್ದೇನೆ. ಆದರೆ ಅದನ್ನು ಬದುವಿನ ಮೇಲೆ ನಿಂತು ನೋಡಿ ಬರೆದದ್ದು. ಸಿದ್ದಲಿಂಗಯ್ಯನವರ ಆತ್ಮಕಥೆ ‘ಊರು ಕೇರಿ’ಯ ಮೊದಲಲ್ಲೇ ಇನ್ನೊಂದು ಹೊಲವಿದೆ. ಅಲ್ಲಿ ಎತ್ತಿನ ಜಾಗದಲ್ಲಿ ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟಿದ್ದಾರೆ, ಹಿಂದೆ ಒಬ್ಬ ಉಳುತ್ತಿದ್ದಾನೆ. ಮಗು ನೋಡುತ್ತಿದೆ. ಆ ಇಬ್ಬರಲ್ಲಿ ಒಬ್ಬರು ಮಗುವಿನ ಅಪ್ಪ.

ಆ ಭಾಗದಲ್ಲಿ ಒಂದು ಅಲಂಕಾರವೂ ಇಲ್ಲ. ಹಾಗಿತ್ತು, ಹೀಗಿತ್ತು ಎಂಬ ಹೋಲಿಕೆಯೂ ಬೇಕಾಗಿಲ್ಲ. ಮನುಷ್ಯನನ್ನು ಎತ್ತಿಗೆ ಹೋಲಿಸುವ ಕೆಲಸವನ್ನು ಕವಿಗಿಂತ ಮೊದಲೇ ಊರು ಮಾಡಿ ಮುಗಿಸಿತ್ತು. ರತ್ನನ ಪದಗಳಲ್ಲಿ ಬಡವನ ಮಾತು ಮೊದಲ ಸಲ ಚಿತ್ರ ಬಿಡಿಸಿತು. ಆದರೆ ರತ್ನನ ಹಿಂದೆ ಕೂತು ಬರೆಯುತ್ತಿದ್ದವರು ಕಾಲೇಜಿನ ಮೇಷ್ಟರು. ಮಂಚನಬೆಲೆಯ ಮಗು ತಾನು ಕಂಡದ್ದನ್ನು ತಾನೇ ಬರೆಯಿತು. ರಾಜರತ್ನಂ ಪದಗಳಿಂದ ಈ ಪುಟದವರೆಗೆ ಸುಮಾರು ಅರವತ್ತು ವರ್ಷಗಳ ದಾರಿ. ಭೂಪಟದಲ್ಲಿ ರಾಮನಗರಕ್ಕೂ ಮಂಚನಬೆಲೆಗೂ ಒಂದು ಗಂಟೆಯ ಪ್ರಯಾಣವೂ ಇಲ್ಲ.

ಊರಿಗೆ ಹೊರಡುವ ದಿನ ಮಾವನಿಗೆ ಈ ಪುಟವನ್ನೂ ಓದಿ ಹೇಳಿದೆ. ಬಿಸಿಲು ಹಿತ್ತಿಲಿಗೆ ಬಂದಿತ್ತು. ಮೊರದಲ್ಲಿ ಅವರೆಕಾಯಿಯ ಸಿಪ್ಪೆ ಗುಡ್ಡೆಯಾಗಿತ್ತು. ಮಾವ ತಲೆ ತಗ್ಗಿಸಿಕೊಂಡು ಕೇಳಿದರು.

ಮಂಜಿನ ಪದಕ್ಕೆ ಹೇಳಿದ ಹಾಗೆ ಇನ್ನೊಂದ್ಸಲ ಏಳು ಎನ್ನಲಿಲ್ಲ. ಬಲಗೈ ಎತ್ತಿ, ಕುತ್ತಿಗೆಯ ಹಿಂದೆ ಹೆಗಲು ಸೇರುವ ಕಡೆ ಮೆಲ್ಲಗೆ ನೀವಿಕೊಂಡರು. ಆಮೇಲೆ ಮೊರ ಎತ್ತಿಕೊಂಡು ದನದ ಕೊಟ್ಟಿಗೆಯ ಕಡೆಗೆ ಹೋದರು.